ಕಪ್, ಸ್ಪೂನ್, ಪಿಂಚ್: ಇಂಗ್ಲಿಷ್ ಅಡುಗೆ ಅಳತೆ ಓದೋದು, ನಮ್ಮ ಅಳತೆಯನ್ನು ಇಂಗ್ಲಿಷಿನಲ್ಲಿ ಬರೆಯೋದು

ಇಂಗ್ಲಿಷ್ ಅಡುಗೆ ಬರಹದಲ್ಲಿ 'ಒನ್ ಕಪ್' ಅಂತ ಕಂಡರೆ ಮನೆಯಲ್ಲಿ ಕಾಫಿ ಕುಡಿಯುವ ಕಪ್ಪನ್ನು ಎತ್ತಿಕೊಳ್ಳಬೇಡಿ. ಅಲ್ಲಿ ಕಪ್ ಅಂದರೆ ಪಾತ್ರೆ ಅಲ್ಲ, ಒಂದು ಲೆಕ್ಕ. ಅಮೆರಿಕದವರಿಗೆ ಅದು ಸುಮಾರು 237 ಮಿಲಿ. ನಮ್ಮ ಕಾಫಿ ಕಪ್ಪು ಅದಕ್ಕಿಂತ ಬಹಳ ಚಿಕ್ಕದು. ಹಿಟ್ಟು, ಸಕ್ಕರೆ, ಹಾಲು ಎಲ್ಲವನ್ನೂ ಅದೇ ಕಪ್ಪಿನಲ್ಲಿ ಅಳೆದು, ಬೆಣ್ಣೆಯನ್ನು ಮಾತ್ರ ಗ್ರಾಂ ಲೆಕ್ಕದಲ್ಲಿ ಹಾಕಿದರೆ ಕೇಕ್ ಜಿಡ್ಡು ಜಿಡ್ಡಾಗಿ ಕೂರುತ್ತದೆ, ಆಮೇಲೆ ಓವನ್ ಸರಿ ಇಲ್ಲ ಅಂತ ಬೈಯುತ್ತೇವೆ.

ಇದನ್ನು ಯಾರಿಗಾಗಿ ಬರೆಯುತ್ತಿದ್ದೇನೆ ಅಂದರೆ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವವರಿಗೆ, ಯಾಕಂದರೆ ಊಟ ಮಾಡಿದ ಅತಿಥಿಗಳು ಹೊರಡುವಾಗ ತಂಬುಳಿ ಮಾಡೋದು ಹೇಗೆ ಬರೆದು ಕೊಡಿ ಅಂತ ಕೇಳಿಯೇ ಕೇಳುತ್ತಾರೆ. ಮಗ ಸೊಸೆ ಹೊರದೇಶದಲ್ಲಿದ್ದು ಫೋನಿನಲ್ಲಿ 'ಅಮ್ಮಾ, ಒಂದು ಲೋಟ ಅಂದ್ರೆ ಎಷ್ಟು?' ಅಂತ ಕೇಳಿಸಿಕೊಳ್ಳುವವರಿಗೆ. ಯೂಟ್ಯೂಬ್ ನೋಡಿ ಕೇಕ್ ಬಿಸ್ಕತ್ತು ಮಾಡುವವರಿಗೆ. ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವವರಿಗೂ ಕೊನೆಯಲ್ಲಿ ಒಂದು ಭಾಗ ಇದೆ.

ದಾರಿ ಒಂದೇ. ಮೊದಲು ಆ ಪದ ಪಾತ್ರೆಯ ಹೆಸರೋ ಅಳತೆಯ ಹೆಸರೋ ಅಂತ ತೀರ್ಮಾನ ಮಾಡಿ. ಆಮೇಲೆ ಅದನ್ನು ಮಿಲಿಗೋ ಗ್ರಾಂಗೋ ಇಳಿಸಿ. ಒಲೆ ಹಚ್ಚೋದು ಅದಾದ ಮೇಲೆ.

ಹಂತ 1: ಪಾತ್ರೆಯೋ, ಅಳತೆಯೋ?

ಇಂಗ್ಲಿಷಿನಲ್ಲಿ 'ಟೀ ಕಪ್' ಅಂದರೆ ಚಹಾ ಕುಡಿಯುವ ಕಪ್ಪು. ಖಾಲಿ ಇದ್ದರೂ, ಒಡೆದಿದ್ದರೂ ಅದು ಟೀ ಕಪ್ಪೇ. 'ಕಪ್ ಆಫ್ ಟೀ' ಅಂದರೆ ಕುಡಿಯೋಕೆ ಕೊಟ್ಟ ಚಹಾ. ಹೋಂಸ್ಟೇ ಬಿಲ್ಲಿನಲ್ಲಿ 'ಟು ಟೀ ಕಪ್ಸ್' ಅಂತ ಬರೆದರೆ ಅತಿಥಿ ಎರಡು ಪಿಂಗಾಣಿ ಕಪ್ಪು ಕೊಂಡುಕೊಂಡ ಅಂತ ಅರ್ಥ ಬರುತ್ತದೆ. 'ಟು ಕಪ್ಸ್ ಆಫ್ ಟೀ' ಅಂತಲೇ ಬರೆಯಿರಿ. ವಾಟರ್ ಬಾಟಲ್, ಬಾಟಲ್ ಆಫ್ ವಾಟರ್ ನಡುವೆಯೂ ಇದೇ ವ್ಯತ್ಯಾಸ.

ಮೂರನೇ ರೂಪ 'ಕಪ್‌ಫುಲ್'. ಇದು ಬರೀ ಪ್ರಮಾಣ. 'ಟು ಕಪ್‌ಫುಲ್ಸ್ ಆಫ್ ಮಿಲ್ಕ್' ಅಂದರೆ ಎರಡು ಕಪ್ಪಿನಷ್ಟು ಹಾಲು, ಒಂದೇ ಕಪ್ಪಿನಲ್ಲಿ ಎರಡು ಸಲ ಅಳೆದು ಹಾಕಿದರೂ ಆಯಿತು. 'ಟು ಕಪ್ಸ್ ಫುಲ್ ಆಫ್ ಮಿಲ್ಕ್' ಅಂದರೆ ಮೇಜಿನ ಮೇಲೆ ನಿಜವಾಗಿ ಎರಡು ಕಪ್ಪು ಇವೆ, ಎರಡರಲ್ಲೂ ಹಾಲು ತುಂಬಿದೆ. ಬರೆಯುವಾಗ ಇದನ್ನು ನೆನಪಿಡಿ: ಒಂದೇ ಪದವಾಗಿ ಅಂಟಿಸಿ ಬರೆದಾಗ ಕೊನೆಯಲ್ಲಿ 'ಎಲ್' ಅಕ್ಷರ ಒಂದೇ, ಬಿಡಿಸಿ ಬರೆದಾಗ ಎರಡು. ಬಹುವಚನದ 'ಎಸ್' ಕೊನೆಗೆ ಬರುತ್ತದೆ, ಸ್ಪೂನ್‌ಫುಲ್ಸ್, ಬಕೆಟ್‌ಫುಲ್ಸ್, ಹ್ಯಾಂಡ್‌ಫುಲ್ಸ್. ಹಳೆಯ ಪುಸ್ತಕಗಳಲ್ಲಿ 'ಸ್ಪೂನ್ಸ್‌ಫುಲ್' ಅಂತಲೂ ಸಿಗುತ್ತದೆ, ಈಗ ಹಾಗೆ ಬರೆಯೋದು ಬೇಡ.

ಈ 'ಫುಲ್' ಬಾಲವನ್ನು ಹೆಚ್ಚುಕಡಿಮೆ ಯಾವ ಪಾತ್ರೆಗೂ ಅಂಟಿಸಬಹುದು. ಸೌಟಿಗೆ ಲೇಡಲ್‌ಫುಲ್, ಬುಟ್ಟಿಗೆ ಬ್ಯಾಸ್ಕೆಟ್‌ಫುಲ್, ಚೀಲಕ್ಕೆ ಸ್ಯಾಕ್‌ಫುಲ್, ಭರಣಿಗೆ ಜಾರ್‌ಫುಲ್. ಮೈಯ ಭಾಗಗಳಿಗೂ ಆಗುತ್ತದೆ: ಹಿಡಿಗೆ ಹ್ಯಾಂಡ್‌ಫುಲ್, ತುತ್ತಿಗೆ ಮೌತ್‌ಫುಲ್, ಎರಡು ತೋಳಿನಲ್ಲಿ ತಬ್ಬಿ ತರುವ ಸೊಪ್ಪಿಗೆ ಆರ್ಮ್‌ಫುಲ್.

ಕೆಲವು ಪದಗಳು ಇಲ್ಲಿ ಒಂದು ವಸ್ತು, ಅಲ್ಲಿ ಇನ್ನೊಂದು. ನಮ್ಮಲ್ಲಿ ಮಗ್ ಅಂದರೆ ಮೊದಲು ನೆನಪಾಗೋದು ಬಚ್ಚಲು ಮನೆಯ ಪ್ಲಾಸ್ಟಿಕ್ ಮಗ್ಗು. ಇಂಗ್ಲಿಷ್ ಅಡುಗೆಯಲ್ಲಿ ಮಗ್ ಅಂದರೆ ಹಿಡಿ ಇರುವ ದೊಡ್ಡ ಕಾಫಿ ಕಪ್ಪು, 'ಮಗ್ ಕೇಕ್' ಮಾಡೋದು ಅದರಲ್ಲೇ. ನಾವು ಸ್ಟೀಲ್ ಲೋಟಕ್ಕೆ ಟಂಬ್ಲರ್ ಅನ್ನುತ್ತೇವೆ, ಅಮೆರಿಕದಲ್ಲಿ ಈಗ ಟಂಬ್ಲರ್ ಅಂದರೆ ಮುಚ್ಚಳ ಇರುವ ಉದ್ದನೆಯ ಥರ್ಮಾಸಿನಂಥದ್ದು. ವೆಸೆಲ್ ಅಂತ ಇಲ್ಲಿ ಎಲ್ಲ ಪಾತ್ರೆಗೂ ಬಳಸುತ್ತೇವೆ, ಅಲ್ಲಿನ ಓದುಗರಿಗೆ ಪ್ಯಾನ್ ಅಥವಾ ಪಾಟ್ ಅಂದರೆ ತಕ್ಷಣ ತಿಳಿಯುತ್ತದೆ. ಇಂಗ್ಲೆಂಡಿನವರು ಟಿನ್ ಅಂದದ್ದನ್ನೇ ಅಮೆರಿಕದವರು ಕ್ಯಾನ್ ಅನ್ನುತ್ತಾರೆ. 'ಒನ್ ಕ್ಯಾನ್ ಆಫ್ ಕೋಕನಟ್ ಮಿಲ್ಕ್' ಅಂತ ಇದ್ದರೆ ಸುಮಾರು 400 ಮಿಲಿ ತೆಂಗಿನ ಹಾಲು ಅಂತ ತಿಳಿಯಿರಿ. ಅಷ್ಟು ಹಾಲನ್ನು ಮನೆಯಲ್ಲೇ ಹಿಂಡಿಕೊಳ್ಳಬಹುದು, ಡಬ್ಬಿ ಹುಡುಕಿಕೊಂಡು ಶಿವಮೊಗ್ಗ ಪೇಟೆಗೆ ಹೋಗಬೇಕಿಲ್ಲ.

ಹಂತ 2: ಬರೆದವರು ಯಾವ ದೇಶದವರು?

ಕಪ್ಪು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಅಡುಗೆ ಕಪ್ಪು 237 ಮಿಲಿ, ಅವರ ಆಹಾರದ ಲೇಬಲ್ಲುಗಳಲ್ಲಿ ಅದನ್ನೇ 240 ಅಂತ ಹಿಡಿಯುತ್ತಾರೆ. ಆಸ್ಟ್ರೇಲಿಯಾದ್ದು 250 ಮಿಲಿ. ಇಂಗ್ಲೆಂಡಿನಲ್ಲಿ ಈಗ ಹೆಚ್ಚಿನವರು ಗ್ರಾಂ ಲೆಕ್ಕದಲ್ಲೇ ಬರೆಯುತ್ತಾರೆ. ಆದರೆ ಅವರ ಹಳೆಯ ಪುಸ್ತಕ ಕೈಗೆ ಸಿಕ್ಕರೆ ಟೀಕಪ್, ಬ್ರೇಕ್‌ಫಾಸ್ಟ್ ಕಪ್ ಅಂತ ಎರಡು ಬೇರೆ ಬೇರೆ ಕಪ್ಪು ಕಾಣುತ್ತವೆ. ಮೊದಲನೆಯದು ಚಿಕ್ಕದು, ಎರಡನೆಯದು ದೊಡ್ಡದು. ಇನ್ನು ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಒಂದು ಪ್ಲಾಸ್ಟಿಕ್ ಕಪ್ ಬರುತ್ತದಲ್ವಾ, ಅದು ಸಾಮಾನ್ಯವಾಗಿ 180 ಮಿಲಿ, ಜಪಾನಿನ ಅಕ್ಕಿ ಅಳತೆಯಿಂದ ಬಂದದ್ದು. ಕುಕ್ಕರಿನ ಒಳಗಿನ ಗೆರೆಗಳೂ ಅದೇ ಕಪ್ಪಿಗೆ ಹೊಂದಿಸಿ ಹಾಕಿದ್ದು. ಅದನ್ನು ಕೇಕಿಗೆ ಬಳಸಬೇಡಿ, ಅನ್ನಕ್ಕೆ ಬೇರೆ ಕಪ್ ಬಳಸಿ ಆಮೇಲೆ ಗೆರೆ ನೋಡಿ ನೀರು ಹಾಕಲೂಬೇಡಿ.

ದೇಶ ಯಾವುದು ಅಂತ ಬರಹದಲ್ಲಿ ಎಲ್ಲೂ ಹೇಳಿರೋದಿಲ್ಲ. ಪದಾರ್ಥಗಳ ಹೆಸರು ನೋಡಿ ಗೊತ್ತುಮಾಡಿಕೊಳ್ಳಬಹುದು. ಕೊತ್ತಂಬರಿ ಸೊಪ್ಪಿಗೆ 'ಸಿಲಾಂಟ್ರೋ', ಬದನೆಗೆ 'ಎಗ್‌ಪ್ಲಾಂಟ್', ಮೈದಾಕ್ಕೆ 'ಆಲ್ ಪರ್ಪಸ್ ಫ್ಲೋರ್' ಅಂತ ಇದ್ದರೆ ಅಮೆರಿಕದವರು. ಬದನೆಗೆ 'ಆಬರ್ಜೀನ್', ಮೈದಾಕ್ಕೆ 'ಪ್ಲೇನ್ ಫ್ಲೋರ್' ಇದ್ದರೆ ಇಂಗ್ಲೆಂಡಿನ ಕಡೆಯವರು. 'ಪ್ಲೇನ್ ಫ್ಲೋರ್' ಇದ್ದು, ದೊಣ್ಣೆಮೆಣಸಿಗೆ ನಮ್ಮ ಹಾಗೆ 'ಕ್ಯಾಪ್ಸಿಕಂ' ಅಂತ ಬರೆದು, ಕಪ್ ಲೆಕ್ಕ ಕೊಟ್ಟಿದ್ದರೆ ಆಸ್ಟ್ರೇಲಿಯಾ ಇರಬಹುದು ಅಂತ ಅನುಮಾನಿಸಿ. 'ಸ್ಟಿಕ್ ಆಫ್ ಬಟರ್' ಕಂಡರೆ ಅಮೆರಿಕವೇ. ಅಲ್ಲಿ ಬೆಣ್ಣೆ ಉದ್ದುದ್ದ ಕಡ್ಡಿಗಳಾಗಿ ಬರುತ್ತದೆ. ಒಂದು ಸ್ಟಿಕ್ ಅಂದರೆ ಅರ್ಧ ಕಪ್, 113 ಗ್ರಾಂ.

237ಕ್ಕೂ 250ಕ್ಕೂ ಇರುವ ವ್ಯತ್ಯಾಸ ಪಲ್ಯಕ್ಕೋ ಸಾರಿಗೋ ಲೆಕ್ಕಕ್ಕೇ ಬರೋದಿಲ್ಲ. ಕೇಕು, ಬಿಸ್ಕತ್ತಿನಲ್ಲಿಯೂ ಎಲ್ಲ ಪದಾರ್ಥಕ್ಕೆ ಒಂದೇ ಕಪ್ಪು ಬಳಸಿದರೆ ಪ್ರಮಾಣ ಸರಿಯಾಗಿಯೇ ಉಳಿಯುತ್ತದೆ. ಕಪ್ಪಿನ ಜೊತೆ ಗ್ರಾಂ, ಮೊಟ್ಟೆ, ಸ್ಪೂನು ಸೇರಿದಾಗ ಮಾತ್ರ ಹುಷಾರಾಗಿರಬೇಕು.

ಪಿಂಟ್, ಗ್ಯಾಲನ್ ಅಡುಗೆಯಲ್ಲಿ ಕಡಿಮೆ, ಆದರೂ ಗೊತ್ತಿರಲಿ: ಇಂಗ್ಲೆಂಡಿನ ಪಿಂಟ್ 568 ಮಿಲಿ, ಅಮೆರಿಕದ್ದು 473. ಗ್ಯಾಲನ್ ಇಂಗ್ಲೆಂಡಿನಲ್ಲಿ 4.5 ಲೀಟರ್ ಚಿಲ್ಲರೆ, ಅಮೆರಿಕದಲ್ಲಿ 3.8 ಲೀಟರ್ ಹತ್ತಿರ.

ಹಂತ 3: ನಿಮ್ಮ ಮನೆಯ ಪಾತ್ರೆಗಳನ್ನು ಅಳೆದಿಡಿ

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಈ ಕೆಲಸ ಮುಗಿಸಿಬಿಟ್ಟರೆ ಮತ್ತೆ ತಲೆನೋವಿಲ್ಲ. ಮನೆಯಲ್ಲಿ ದಿನಾ ಬಳಸುವ ಲೋಟ, ಬಟ್ಟಲು, ಸೌಟು, ತುಪ್ಪದ ಮಿಳ್ಳೆ, ಅಕ್ಕಿ ಅಳೆಯುವ ಪಾವು, ಮಜ್ಜಿಗೆಯ ತಂಬಿಗೆ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಡಿ.

ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಬಹಳ ಸುಲಭ. ಖಾಲಿ ಲೋಟ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡುವ ಗುಂಡಿ ಒತ್ತಿ. ನೀರು ತುಂಬಿಸಿ. ನೀರಿನ ಒಂದು ಗ್ರಾಂ ಅಂದರೆ ಒಂದು ಮಿಲಿ, ಹಾಗಾಗಿ ತಕ್ಕಡಿ 190 ತೋರಿಸಿದರೆ ನಿಮ್ಮ ಲೋಟ 190 ಮಿಲಿ ಲೋಟ. ಆದರೆ ಅಂಚಿನವರೆಗೆ ತುಂಬಿಸಿದ್ದೋ, ಒಂದು ಬೆರಳು ಕೆಳಗೆ ನಿಲ್ಲಿಸಿದ್ದೋ ಅನ್ನೋದು ಮುಖ್ಯ. ಅಗಲ ಬಾಯಿಯ ಬಟ್ಟಲಿನಲ್ಲಿ ಒಂದು ಬೆರಳಿನ ಎತ್ತರವೇ ಬೇಕಾದಷ್ಟು ನೀರು ಹಿಡಿಯುತ್ತದೆ. ಹಿಟ್ಟು, ಅಕ್ಕಿ ಅಳೆಯುವಾಗ ನಾವು ಅಂಚಿಗೆ ಸಮ ಮಾಡುತ್ತೇವೆ, ಕಾಫಿ ಕೊಡುವಾಗ ಅಂಚಿನವರೆಗೆ ತುಂಬಿಸೋದಿಲ್ಲ. ಹಾಗಾಗಿ ಎರಡೂ ಲೆಕ್ಕ ಬರೆದಿಟ್ಟುಕೊಳ್ಳಿ.

ತಕ್ಕಡಿ ಇಲ್ಲವಾ? ಹಾಲಿನ ಪ್ಯಾಕೆಟ್ ಸಾಕು. ಪ್ಯಾಕೆಟ್ ಮೇಲೆ ಎಷ್ಟು ಮಿಲಿ ಅಂತ ಅಚ್ಚಾಗಿರೋದನ್ನು ಓದಿಯೇ ಮುಂದುವರಿಯಿರಿ, ಯಾಕಂದರೆ ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ 2024ರ ಜೂನ್‌ನಲ್ಲಿ 550 ಮಿಲಿ ಆಗಿತ್ತು, 2025ರ ಏಪ್ರಿಲ್‌ನಲ್ಲಿ ಮತ್ತೆ 500ಕ್ಕೆ ಬಂತು. 500 ಮಿಲಿ ಹಾಲನ್ನು ನಿಮ್ಮ ಲೋಟಕ್ಕೆ ಹಾಕುತ್ತಾ ಹೋಗಿ. ಎರಡು ಲೋಟ ಸರಿಯಾಗಿ ತುಂಬಿದರೆ ನಿಮ್ಮದು 250 ಮಿಲಿ ಲೋಟ, ಇಂಗ್ಲಿಷಿನ ಕಪ್ಪಿಗೆ ಅದನ್ನೇ ಇಟ್ಟುಕೊಳ್ಳಿ. ಎರಡೂವರೆ ಹಿಡಿದರೆ 200 ಮಿಲಿ. ಚಿಕ್ಕ ಅಳತೆಗೆ ಕೆಮ್ಮಿನ ಔಷಧಿಯ ಬಾಟಲಿ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಅಥವಾ ಸೂಜಿ ಇಲ್ಲದ ಹೊಸ ಸಿರಿಂಜ್ ಒಳ್ಳೆಯದು.

ಪಾವು, ಸೇರಿನ ವಿಷಯ ಸ್ವಲ್ಪ ಬೇರೆ. ನಾಲ್ಕು ಪಾವು ಒಂದು ಸೇರು, ಅರ್ಧ ಸೇರು ಅಂದರೆ ಅಚ್ಚೇರು, ಇದು ಅಜ್ಜಿಯಂದಿರಿಗೆಲ್ಲ ಬಾಯಿಪಾಠ. ನಮ್ಮ ದೇಶ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬಂತು, 1958ರಿಂದ ಅದು ಜಾರಿಗೆ ಬರತೊಡಗಿತು. ಅಂಗಡಿಯಿಂದ ಸೇರು ಹೋಯಿತು, ಅಕ್ಕಿ ಡಬ್ಬದಿಂದ ಪಾವು ಮಾತ್ರ ಹೋಗಲಿಲ್ಲ. ಈಗ ಮನೆಗಳಲ್ಲಿ ಇರುವ ಪಾವುಗಳೆಲ್ಲ ಒಂದೇ ಗಾತ್ರದವಲ್ಲ. ಕೆಲವು ಹಿತ್ತಾಳೆಯ ಹಳೆಯವು, ಕೆಲವು ಪೇಟೆಯಲ್ಲಿ ಈಚೆಗೆ ಕೊಂಡ ಸ್ಟೀಲಿನವು. ನಿಮ್ಮದನ್ನೇ ನೀರು ಹಾಕಿ ನೋಡಿ, 'ನಮ್ಮನೆ ಪಾವು ಇಷ್ಟು ಮಿಲಿ' ಅಂತ ಬರೆದು ಅಕ್ಕಿ ಡಬ್ಬದ ಮುಚ್ಚಳದ ಒಳಗೆ ಅಂಟಿಸಿ. ಮಗಳಿಗೆ ಫೋನಿನಲ್ಲಿ ಹೇಳುವಾಗ ಪಾವಿನ ಲೆಕ್ಕ ಬಿಟ್ಟು ಮಿಲಿ ಲೆಕ್ಕ ಹೇಳಿ.

ಹಂತ 4: ಸ್ಪೂನುಗಳು

ಹೆಚ್ಚು ಅಡುಗೆ ಕೆಡೋದು ಇಲ್ಲೇ. ಟೀಸ್ಪೂನ್ ಅಂದರೆ 5 ಮಿಲಿ. ಟೇಬಲ್‌ಸ್ಪೂನ್ ಅಂದರೆ 15 ಮಿಲಿ, ಅಂದರೆ ಮೂರು ಟೀಸ್ಪೂನ್. ಇವೆರಡರ ನಡುವೆ ಇಂಗ್ಲೆಂಡಿನವರಿಗೆ 10 ಮಿಲಿಯ ಡೆಸರ್ಟ್‌ಸ್ಪೂನ್ ಒಂದಿದೆ. ಆಸ್ಟ್ರೇಲಿಯಾದ ಟೇಬಲ್‌ಸ್ಪೂನ್ 20 ಮಿಲಿ, ಅಲ್ಲಿ ನಾಲ್ಕು ಟೀಸ್ಪೂನ್ ಸೇರಿದರೆ ಒಂದು ಟೇಬಲ್‌ಸ್ಪೂನ್. ಅಮೆರಿಕದ ಒಂದು ಕಪ್ಪಿಗೆ 16 ಟೇಬಲ್‌ಸ್ಪೂನ್.

ಸಂಕ್ಷಿಪ್ತವಾಗಿ ಬರೆದಾಗ ಟೀಸ್ಪೂನಿಗೆ 'ಟಿಎಸ್‌ಪಿ', ಟೇಬಲ್‌ಸ್ಪೂನಿಗೆ 'ಟಿಬಿಎಸ್‌ಪಿ'. ನಡುವೆ 'ಬಿ' ಇದ್ದರೆ ದೊಡ್ಡದು. ಕೆಲವರು ಒಂದೇ ಅಕ್ಷರ ಬರೆಯುತ್ತಾರೆ, ಸಣ್ಣ 'ಟಿ' ಇದ್ದರೆ ಟೀಸ್ಪೂನ್, ದೊಡ್ಡ 'ಟಿ' ಇದ್ದರೆ ಟೇಬಲ್‌ಸ್ಪೂನ್. ಕೈಬರಹದಲ್ಲಿ ಇದು ಗೊತ್ತಾಗೋದೇ ಇಲ್ಲ, ಹಾಗಾಗಿ ನೀವು ಬರೆಯುವಾಗ ಪೂರ್ತಿ ಪದ ಬರೆಯಿರಿ. ಉಪ್ಪು, ಖಾರದ ಪುಡಿ, ಅಡುಗೆ ಸೋಡಾ ಈ ಮೂರರಲ್ಲಿ ಇಲ್ಲದ 'ಬಿ' ಇದೆ ಅಂತ ಓದಿಕೊಂಡರೆ ಒಂದರ ಜಾಗದಲ್ಲಿ ಮೂರು ಬೀಳುತ್ತದೆ, ಆಮೇಲೆ ಏನು ಹಾಕಿದರೂ ಸರಿಹೋಗೋದಿಲ್ಲ.

ಮನೆಯ ಚಮಚಗಳನ್ನು ನಂಬಬೇಡಿ. ಸಕ್ಕರೆ ಡಬ್ಬದಲ್ಲಿರೋದು, ಉಪ್ಪಿನ ಮರಿಗೆಯಲ್ಲಿರೋದು, ಪಾಯಸ ತಿನ್ನೋದು, ಮೂರೂ ಬೇರೆ ಬೇರೆ. ಅಳತೆ ಚಮಚದ ಒಂದು ಗೊಂಚಲು ಕೊಂಡುಬಿಡಿ, ಕಡಿಮೆ ಬೆಲೆಗೆ ಸಿಗುತ್ತದೆ.

ಇನ್ನು ತುಂಬುವ ರೀತಿ. 'ಲೆವೆಲ್' ಅಂದರೆ ಅಂಚಿಗೆ ಸಮ. ಚಮಚವನ್ನು ಹಿಟ್ಟಿನಲ್ಲಿ ಮುಳುಗಿಸಿ ಎತ್ತಿ, ಚಾಕುವಿನ ಬೆನ್ನನ್ನು ಹಿಡಿಕೆಯ ಕಡೆಯಿಂದ ತುದಿಯ ಕಡೆಗೆ ಅಂಚಿಗೆ ತಾಗಿಸಿ ಎಳೆಯಿರಿ. ಮೇಲಿನ ಗುಡ್ಡೆ ಡಬ್ಬಕ್ಕೆ ವಾಪಸ್ ಬೀಳುತ್ತದೆ, ಉಳಿದದ್ದು ಒಂದು ಲೆವೆಲ್ ಸ್ಪೂನು. ಬೆರಳಿನಿಂದ ಒತ್ತಿ ಸಮ ಮಾಡಬೇಡಿ, ಒತ್ತಿದರೆ ಜಾಸ್ತಿ ಹಿಡಿಯುತ್ತದೆ. 'ಹೀಪ್ಡ್' ಅಥವಾ 'ಹೀಪಿಂಗ್' ಅಂದರೆ ಚೆಲ್ಲದೆ ನಿಲ್ಲುವಷ್ಟು ರಾಶಿ. 'ರೌಂಡೆಡ್' ಅಂದರೆ ಮೇಲೆ ಸಣ್ಣ ಉಬ್ಬು. 'ಸ್ಕಾಂಟ್' ಅಂದರೆ ಅಂಚಿಗಿಂತ ಸ್ವಲ್ಪ ಕಡಿಮೆ. ಏನೂ ಹೇಳದೆ ಬರೀ 'ಒನ್ ಟೀಸ್ಪೂನ್' ಅಂತಿದ್ದರೆ ಲೆವೆಲ್ ಅಂತಲೇ ಹಿಡಿಯಿರಿ. ಅಮೆರಿಕದ ಅಡುಗೆ ಶಿಕ್ಷಕಿ ಫ್ಯಾನಿ ಫಾರ್ಮರ್ 1896ರಲ್ಲಿ ತಂದ ಪುಸ್ತಕದಿಂದ ಈ ಸಮ ಅಳತೆ ಅಲ್ಲಿನ ಮನೆಮನೆಗೆ ಹಬ್ಬಿತು. ನಮ್ಮಲ್ಲಿ ಹಾಗಲ್ಲ, ಚಮಚ ಅಂದರೆ ಗುಡ್ಡೆ ಇರುವ ಚಮಚವೇ. ಅಮ್ಮ ಹೇಳಿದ 'ಎರಡು ಚಮಚ ಸಕ್ಕರೆ'ಯನ್ನು ಇಂಗ್ಲಿಷಿಗೆ ತರುವಾಗ 'ಟು ಹೀಪ್ಡ್ ಟೀಸ್ಪೂನ್ಸ್' ಅಂತ ಬರೆಯದಿದ್ದರೆ ಅಲ್ಲಿ ಮಾಡಿದವರಿಗೆ ಸಿಹಿ ಸಾಲೋದಿಲ್ಲ.

ಉಪ್ಪಿನದು ಇನ್ನೊಂದು ಕತೆ. ಪುಡಿ ಉಪ್ಪು ಒಂದು ಟೀಸ್ಪೂನ್ ಸುಮಾರು 6 ಗ್ರಾಂ ತೂಗುತ್ತದೆ. ಹರಳುಪ್ಪಿನ ಹರಳುಗಳ ನಡುವೆ ಗಾಳಿ ಇರುತ್ತದೆ, ಅದೇ ಚಮಚದಲ್ಲಿ ಕಡಿಮೆ ಕೂರುತ್ತದೆ. ಮಿಡಿ ಉಪ್ಪಿನಕಾಯಿಗೆ ನಾವು ಹಾಕೋದು ಹರಳುಪ್ಪು. ಹಾಗಾಗಿ ಬರೆದು ಕೊಡುವಾಗ ಚಮಚ, ಲೋಟದ ಲೆಕ್ಕ ಬೇಡವೇ ಬೇಡ, 'ಕೋರ್ಸ್ ಸೀ ಸಾಲ್ಟ್' ಅಂತ ಹೆಸರು ಹಾಕಿ ಗ್ರಾಂ ಬರೆಯಿರಿ. ಉಪ್ಪು ಕಡಿಮೆಯಾದರೆ ಮಿಡಿ ಕೊಳೆಯುತ್ತದೆ, ಒಂದು ವರ್ಷದ ಉಪ್ಪಿನಕಾಯಿ ಹೋದ ಹಾಗೆ.

ಔಷಧಿಗೆ ಅಡುಗೆ ಮನೆಯ ಚಮಚ ಬಳಸಲೇಬೇಡಿ. ಚೀಟಿಯಲ್ಲಿ 'ಒನ್ ಟೀಸ್ಪೂನ್' ಅಂತಿದ್ದರೆ 5 ಮಿಲಿ, ಬಾಟಲಿಯ ಜೊತೆ ಬಂದ ಮುಚ್ಚಳ ಅಥವಾ ಸಿರಿಂಜಿನಲ್ಲೇ ಅಳೆಯಿರಿ. ಮಕ್ಕಳಿಗಂತೂ ಕಡ್ಡಾಯ.

ಹಂತ 5: ಅಲ್ಪವಿರಾಮ ಎಲ್ಲಿದೆ ನೋಡಿ

'ಒನ್ ಕಪ್ ಕುಕ್ಡ್ ರೈಸ್' ಅಂದರೆ ಒಂದು ಕಪ್ ಅನ್ನ. 'ಒನ್ ಕಪ್ ರೈಸ್' ಅಂತ ಬರೆದು ಅಲ್ಪವಿರಾಮ ಹಾಕಿ 'ಕುಕ್ಡ್' ಅಂದರೆ ಒಂದು ಕಪ್ ಅಕ್ಕಿ ಅಳೆದು ಆಮೇಲೆ ಅನ್ನ ಮಾಡಬೇಕು. ಅಕ್ಕಿ ಬೆಂದರೆ ಸುಮಾರು ಮೂರು ಪಟ್ಟು ಆಗುತ್ತದೆ. ಒಂದು ಪುಟ್ಟ ಗೆರೆಯಿಂದ ಒಬ್ಬರ ಊಟ ಮೂವರ ಊಟ ಆಗಿಬಿಡುತ್ತದೆ.

ನಿಯಮ ಇಷ್ಟು: ಪದಾರ್ಥದ ಹೆಸರಿನ ಮೊದಲು ಬಂದ ಕೆಲಸವನ್ನು ಮೊದಲು ಮಾಡಿ ಆಮೇಲೆ ಅಳೆಯಬೇಕು. ಅಲ್ಪವಿರಾಮದ ನಂತರ ಬಂದ ಕೆಲಸವನ್ನು ಅಳೆದ ಮೇಲೆ ಮಾಡಬೇಕು. 'ಒನ್ ಕಪ್ ಚಾಪ್ಡ್ ಕ್ಯಾಶ್ಯೂಸ್' ಅಂದರೆ ಗೋಡಂಬಿ ಹೆಚ್ಚಿ ಕಪ್ಪು ತುಂಬಿಸಿ. 'ಒನ್ ಕಪ್ ಕ್ಯಾಶ್ಯೂಸ್, ಚಾಪ್ಡ್' ಅಂದರೆ ಇಡೀ ಗೋಡಂಬಿ ಅಳೆದು ಆಮೇಲೆ ಹೆಚ್ಚಿ. ಇಡೀ ಗೋಡಂಬಿಯ ಸಂದಿಯಲ್ಲಿ ಜಾಗ ಉಳಿಯೋದರಿಂದ ಎರಡನೆಯದರಲ್ಲಿ ಕಡಿಮೆ ಗೋಡಂಬಿ ಹಿಡಿಯುತ್ತದೆ. ಜರಡಿ ಹಿಡಿದ ಹಿಟ್ಟಿಗೂ ಇದೇ ಲೆಕ್ಕ. 'ಸಿಫ್ಟೆಡ್ ಫ್ಲೋರ್' ಅಂದರೆ ಜರಡಿ ಹಿಡಿದು ಹಗುರಾದ ಹಿಟ್ಟನ್ನು ಅಳೆಯೋದು, ಅದು ತೂಕದಲ್ಲಿ ಕಡಿಮೆ.

ಜೊತೆಗೆ 'ಪ್ಯಾಕ್ಡ್', 'ಲೂಸ್ಲಿ ಪ್ಯಾಕ್ಡ್' ಅಂತ ಎರಡು ಪದ ಬರುತ್ತವೆ. ಮೊದಲನೆಯದು ಒತ್ತಿ ತುಂಬಿಸಿದ್ದು, ಬ್ರೌನ್ ಶುಗರ್, ಪುಡಿ ಮಾಡಿದ ಬೆಲ್ಲಕ್ಕೆ ಹೇಳುತ್ತಾರೆ. ಎರಡನೆಯದು ಸುಮ್ನೆ ಉದುರಿಸಿ ತುಂಬಿಸಿದ್ದು, ಸೊಪ್ಪಿಗೆ ಹೆಚ್ಚು. ಸೊಪ್ಪಿನ ಅಡುಗೆ ಬರೆಯುವ ಮಲೆನಾಡಿನವರಿಗೆ ಈ ಎರಡು ಪದ ದಿನಾ ಬೇಕು. ಒಂದು ಕಪ್ ಒಂದೆಲಗ ಅಂತ ಬರೀ ಬರೆದರೆ ಒಬ್ಬರು ಹತ್ತು ಎಲೆ ಹಾಕುತ್ತಾರೆ, ಇನ್ನೊಬ್ಬರು ಒತ್ತಿ ಒತ್ತಿ ಐವತ್ತು ಹಾಕುತ್ತಾರೆ.

ಹಂತ 6: ಕಪ್ಪಿನಿಂದ ಗ್ರಾಮಿಗೆ

ಕಪ್ಪು ಜಾಗದ ಲೆಕ್ಕ, ಗ್ರಾಂ ತೂಕದ ಲೆಕ್ಕ. ಅಮೆರಿಕದ ಒಂದು ಕಪ್ಪಿನಲ್ಲಿ ಮೈದಾ ಸುಮಾರು 120 ಗ್ರಾಂ, ಸಕ್ಕರೆ 200, ಬೆಣ್ಣೆ 227, ಜೇನುತುಪ್ಪ 340 ಗ್ರಾಂ. ಮೈದಾ ಮಾತ್ರ ಕಪ್ಪನ್ನು ಡಬ್ಬದೊಳಗೆ ಅದ್ದಿ ತೆಗೆದರೆ 140 ದಾಟಬಹುದು, ಚಮಚದಿಂದ ಉದುರಿಸಿ ತುಂಬಿಸಿದರೆ 120ರ ಹತ್ತಿರ ನಿಲ್ಲುತ್ತದೆ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಕಡೆಯ ಮನೆಗಳಲ್ಲಿ ಹಿಟ್ಟು ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ, ಅಂಥ ಹಿಟ್ಟನ್ನು ಜರಡಿ ಹಿಡಿಯದೆ ಕಪ್ಪಿಗೆ ಹಾಕಬೇಡಿ.

ಔನ್ಸ್ ಅಂತ ಬಂದರೆ ಒಮ್ಮೆ ನಿಂತು ನೋಡಿ. 'ಫ್ಲೂಯಿಡ್ ಔನ್ಸ್' ದ್ರವದ ಜಾಗದ ಲೆಕ್ಕ, ಸುಮಾರು 30 ಮಿಲಿ. ಬರೀ 'ಔನ್ಸ್' ತೂಕದ ಲೆಕ್ಕ, 28 ಗ್ರಾಂ ಚಿಲ್ಲರೆ. ನೀರು, ಹಾಲಿಗೆ ಎರಡೂ ಹತ್ತಿರ ಹತ್ತಿರ. ಜೇನಿಗೆ, ಜೋನಿ ಬೆಲ್ಲಕ್ಕೆ ಹಾಗಲ್ಲ, ಅವು ನೀರಿಗಿಂತ ಭಾರ.

ಒಂದು ಉದಾಹರಣೆ ಮಾಡಿ ನೋಡೋಣ. ಅಮೆರಿಕದ ಬನಾನಾ ಬ್ರೆಡ್ ಅಂತ ಇಟ್ಟುಕೊಳ್ಳಿ. ಒಂದು ಸ್ಟಿಕ್ ಬೆಣ್ಣೆ ಅಂದರೆ 113 ಗ್ರಾಂ, ನಮ್ಮ 100 ಗ್ರಾಂ ಪ್ಯಾಕೆಟ್ಟಿಗೆ ಒಂದು ಲೆವೆಲ್ ಟೇಬಲ್‌ಸ್ಪೂನ್ ಸೇರಿಸಿದರೆ ಆಯಿತು. ಎರಡು ಕಪ್ ಮೈದಾ ಅಂದರೆ 240 ಗ್ರಾಂ. ಒಂದು ಟೀಸ್ಪೂನ್ ಬೇಕಿಂಗ್ ಸೋಡಾ, ಲೆವೆಲ್. ಆಮೇಲೆ 'ತ್ರೀ ಬನಾನಾಸ್' ಅಂತ ಇರುತ್ತದೆ. ಅಲ್ಲಿನ ಬಾಳೆಹಣ್ಣು ನಮ್ಮ ಪಚ್ಚಬಾಳೆಯ ಹಾಗೆ ದೊಡ್ಡದು. ಪುಟ್ಟಬಾಳೆ ಮೂರು ಹಾಕಿದರೆ ಏನೂ ಸಾಲದು. ಮೂರು ಹಣ್ಣು ಕಿವುಚಿದರೆ ಸುಮಾರು ಒಂದು ಕಪ್ ಆಗುತ್ತದೆ ಅನ್ನೋದನ್ನು ಲೆಕ್ಕಕ್ಕೆ ಹಿಡಿದು, ಕಪ್ಪು ತುಂಬುವವರೆಗೆ ಪುಟ್ಟಬಾಳೆ ಕಿವುಚಿ. ಪುಟ್ಟಬಾಳೆಯಲ್ಲಿ ಸಿಹಿ ಜಾಸ್ತಿ, ಸಕ್ಕರೆಯನ್ನು ಸ್ಕಾಂಟ್ ಕಪ್ ಮಾಡಿದರೆ ಇನ್ನೂ ಚೆನ್ನಾಗಿರುತ್ತದೆ ಅಂತ ನನ್ನ ಅನಿಸಿಕೆ.

ಹಂತ 7: ಅಂದಾಜಿನ ಪದಗಳು

ಪಿಂಚ್ ಅಂದರೆ ಚಿಟಿಕೆ. ಡ್ಯಾಶ್ ಅದರ ಎರಡರಷ್ಟು, ಒಂದು ಟೀಸ್ಪೂನಿನ ಎಂಟನೇ ಒಂದು ಭಾಗ ಅಂತ ಹಿಡಿಯೋದು ರೂಢಿ. ಸ್ಪ್ಲ್ಯಾಷ್ ಅಂದರೆ ಬಾಟಲಿ ಬಗ್ಗಿಸಿ ಒಮ್ಮೆ ಸುರಿದಷ್ಟು ದ್ರವ. ಡ್ರಿಜಲ್ ಅಂದರೆ ಸಣ್ಣ ಧಾರೆಯಾಗಿ ಮೇಲೆ ಎಳೆದಷ್ಟು ಎಣ್ಣೆ ಅಥವಾ ಜೇನು. ಡಾಲಪ್ ಅಂದರೆ ಗಟ್ಟಿ ಮೊಸರನ್ನೋ ಕೆನೆಯನ್ನೋ ಚಮಚದಿಂದ ಒಂದು ಮುದ್ದೆ ಹಾಕಿದಷ್ಟು. ನಾಬ್ ಆಫ್ ಬಟರ್ ಅಂದರೆ ಒಂದು ಸಣ್ಣ ಉಂಡೆ ಬೆಣ್ಣೆ. ಸ್ಪ್ರಿಗ್ ಅಂದರೆ ಒಂದು ಎಳೆ, ಕರಿಬೇವಿಗೆ ಇದು ಸರಿಯಾದ ಪದ. ಇವು ರುಚಿ ನೋಡಿ ಹಾಕುವವು, ಮಿಲಿ ಹುಡುಕುತ್ತಾ ಕೂರಬೇಡಿ.

ನಮ್ಮ ಕಡೆಯ ಹಿಡಿಗೆ ಹ್ಯಾಂಡ್‌ಫುಲ್ ಸರಿ. ಬೊಗಸೆಗೆ 'ಟು ಕಪ್ಡ್ ಹ್ಯಾಂಡ್ಸ್' ಅಂತ ಬರೆದರೆ ಓದಿದವರಿಗೆ ಕೈ ಹೇಗೆ ಹಿಡಿಯಬೇಕು ಅಂತಲೂ ಗೊತ್ತಾಗುತ್ತದೆ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಅಂತ ಎಲ್ಲರೂ ಬರೆಯುತ್ತೇವೆ. ಅಲ್ಲಿನ ಅಂಗಡಿಯ ನಿಂಬೆ ನಮ್ಮದಕ್ಕಿಂತ ಎರಡು ಪಟ್ಟು ದೊಡ್ಡದು, ಹಾಗೆಯೇ ಬರೆದರೆ ಸಾರು ಹುಳಿ ಹುಳಿ. ಗ್ರಾಂ ಬರೆಯಿರಿ.

ಹಂತ 8: ನಮ್ಮ ಅಡುಗೆಯನ್ನು ಇಂಗ್ಲಿಷಿನಲ್ಲಿ ಬರೆಯೋದು

ಒಂದೆಲಗದ ತಂಬುಳಿಯನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಹೇಳೋದು ಹೀಗೆ: ಒಂದು ಹಿಡಿ ಒಂದೆಲಗ, ಕಾಲು ಕಡಿ ಕಾಯಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು, ಒಂದು ಮಿಳ್ಳೆ ತುಪ್ಪ, ಎರಡು ಲೋಟ ಮಜ್ಜಿಗೆ, ರುಚಿಗೆ ಉಪ್ಪು.

ಇದನ್ನು ಬರೆಯುವ ಮೊದಲು ಒಮ್ಮೆ ಮಾಡಿ, ಮಾಡುವಾಗ ಪ್ರತಿಯೊಂದನ್ನೂ ಬಟ್ಟಲಿಗೆ ಹಾಕುವ ಮುಂಚೆ ಅಳೆಯಿರಿ. ಅಮ್ಮನೋ ಅತ್ತೆಯೋ ಮಾಡುವಾಗ ಪಕ್ಕದಲ್ಲಿ ನಿಂತು ಅವರ ಕೈಯಿಂದಲೇ ಅಳತೆ ಪಾತ್ರೆಗೆ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. 'ಅತ್ತೆ, ಒಂದು ನಿಮಿಷ, ಇದಕ್ಕೆ ಹಾಕಿ' ಅಂತ ಮಧ್ಯೆ ಮಧ್ಯೆ ತಡೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬಾರದು.

ಆಮೇಲೆ ಬರಹ ಹೀಗೆ ಬರಬಹುದು: 'ಒನ್ ಕಪ್ ಲೂಸ್ಲಿ ಪ್ಯಾಕ್ಡ್ ಗೋಟು ಕೋಲಾ ಲೀವ್ಸ್, ಹಾಫ್ ಕಪ್ ಗ್ರೇಟೆಡ್ ಫ್ರೆಶ್ ಕೋಕನಟ್, ಹಾಫ್ ಟೀಸ್ಪೂನ್ ಕ್ಯುಮಿನ್ ಸೀಡ್ಸ್, ಫೈವ್ ಬ್ಲ್ಯಾಕ್ ಪೆಪ್ಪರ್‌ಕಾರ್ನ್ಸ್, ಟು ಟೀಸ್ಪೂನ್ಸ್ ಘೀ, ಒನ್ ಅಂಡ್ ಎ ಹಾಫ್ ಕಪ್ಸ್ ಥಿನ್ ಬಟರ್‌ಮಿಲ್ಕ್, ಸಾಲ್ಟ್ ಟು ಟೇಸ್ಟ್.' ಒಂದೆಲಗಕ್ಕೆ ಹೊರಗಿನ ಅಂಗಡಿಗಳಲ್ಲಿ ಗೋಟು ಕೋಲಾ ಅನ್ನುತ್ತಾರೆ. ಬ್ರಾಹ್ಮಿ ಅಂತ ಬರೆದರೆ ಬೇರೆ ಗಿಡ ಸಿಗುವ ಸಾಧ್ಯತೆ ಇದೆ. ಮಜ್ಜಿಗೆಗೂ ಎಚ್ಚರ ಬೇಕು. ಅಲ್ಲಿ ಬಾಟಲಿಯಲ್ಲಿ ಸಿಗುವ ಬಟರ್‌ಮಿಲ್ಕ್ ಗಟ್ಟಿಯಾಗಿ, ಹುಳಿಯಾಗಿ ಇರುತ್ತದೆ. 'ಹಾಫ್ ಕಪ್ ಪ್ಲೇನ್ ಯೋಗರ್ಟ್ ವಿಸ್ಕ್ಡ್ ವಿತ್ ಒನ್ ಕಪ್ ವಾಟರ್' ಅಂತ ಬರೆದರೆ ನಮ್ಮ ಮಜ್ಜಿಗೆಗೆ ಹತ್ತಿರ ಬರುತ್ತದೆ.

ಬರವಣಿಗೆಯ ಕೆಲವು ಸಣ್ಣ ವಿಷಯ. ಪದಾರ್ಥಗಳ ಪಟ್ಟಿಯಲ್ಲಿ 'ಆಫ್' ಬೇಡ, 'ಟು ಕಪ್ಸ್ ರೈಸ್' ಸಾಕು. ವಾಕ್ಯದಲ್ಲಿ ಬೇಕು, 'ಆ್ಯಡ್ ಟು ಕಪ್ಸ್ ಆಫ್ ರೈಸ್'. ಒಂದಕ್ಕಿಂತ ಕಡಿಮೆ ಇದ್ದರೆ ಏಕವಚನ, 'ತ್ರೀ ಫೋರ್ತ್ಸ್ ಕಪ್'. ಒಂದನ್ನು ದಾಟಿದರೆ ಬಹುವಚನ, 'ಒನ್ ಅಂಡ್ ಎ ಹಾಫ್ ಕಪ್ಸ್'. 'ಟು ಕಪ್ಸ್ ಆಫ್ ರೈಸ್' ಅನ್ನೋದನ್ನು ಒಂದು ಒಟ್ಟು ಪ್ರಮಾಣ ಅಂತ ನೋಡಿದಾಗ 'ಈಸ್ ಇನಫ್' ಅನ್ನೋದು ಸರಿ. ಪಟ್ಟಿಯ ಮೇಲ್ಗಡೆ ಒಂದು ಸಾಲು ಸೇರಿಸಿ: ಈ ಬರಹದಲ್ಲಿ ಒಂದು ಕಪ್ ಅಂದರೆ 250 ಮಿಲಿ, ಟೇಬಲ್‌ಸ್ಪೂನ್ ಅಂದರೆ 15 ಮಿಲಿ. ಈ ಒಂದು ಸಾಲು ಇದ್ದರೆ ಮೆಲ್ಬರ್ನಿನಲ್ಲಿ ಇರುವವರಿಗೂ ಡಲ್ಲಾಸಿನಲ್ಲಿ ಇರುವವರಿಗೂ ಒಂದೇ ತಂಬುಳಿ ಆಗುತ್ತದೆ.

ಮಾರುವವರಿಗೆ

ಉಪ್ಪಿನಕಾಯಿ, ಜೋನಿ ಬೆಲ್ಲ, ಹಪ್ಪಳ ಪ್ಯಾಕ್ ಮಾಡಿ ಮಾರುವಾಗ 'ಒನ್ ಬಾಟಲ್', 'ಒನ್ ಜಾರ್' ಅಂತ ಬರೆದರೆ ನಡೆಯೋದಿಲ್ಲ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಒಳಗಿರುವ ವಸ್ತುವಿನ ನಿವ್ವಳ ಪ್ರಮಾಣವನ್ನು ಗ್ರಾಂ, ಕೆಜಿ, ಮಿಲಿ, ಲೀಟರ್‌ನಂಥ ಪ್ರಮಾಣಿತ ಅಳತೆಯಲ್ಲಿ ಮುದ್ರಿಸಬೇಕು. ನಿವ್ವಳ ಅಂದರೆ ಬಾಟಲಿ, ಮುಚ್ಚಳ, ಕವರಿನ ತೂಕ ಬಿಟ್ಟು. ಖಾಲಿ ಬಾಟಲಿಯನ್ನು ಮುಚ್ಚಳದ ಸಮೇತ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಆಮೇಲೆ ತುಂಬಿಸಿ ಮುಚ್ಚಿ ತೂಗಿ. ಇಂಗ್ಲಿಷಿನಲ್ಲಿ ಗ್ರಾಮಿಗೆ ಸಣ್ಣ 'ಜಿ' ಅಕ್ಷರ ಒಂದೇ ಸರಿಯಾದ ಗುರುತು, 'ಜಿಎಂಎಸ್' ಅಂತ ಬರೆಯೋದು ತಪ್ಪು. ಬಳಸುವ ಪ್ರಮಾಣ ಬೇಕಾದರೆ ಅದರ ಕೆಳಗೆ ಬೇರೆ ಸಾಲಿನಲ್ಲಿ, 'ಒನ್ ಟೀಸ್ಪೂನ್ ಪರ್ ಸರ್ವಿಂಗ್' ಅಂತ ಸೇರಿಸಬಹುದು.